ನನ್ನ ತಮ್ಮನ ಕತ್ತರಿ

ಮೊಮ್ಮಕ್ಕಳೇ, ಪಲ್ಲವಿ, ಕಿರಣ, ಈ ಪತ್ರದಲ್ಲಿ ಮೊದಲೇ ಹೇಳಿಬಿಡುತ್ತೇನೆ. ಬ್ಯಾಡಗಿಯ ನನ್ನ ತಮ್ಮ ಮನೆಗೆ ಬಂದರೆ ಗೋಡೆಯ ಫೋಟೋಗಳನ್ನು ಇಳಿಸಿ ಟ್ರಂಕಿಗೆ ಹಾಕಿ ಕೀಲಿ ಜಡಿಯಿರಿ. ಕಳ್ಳನಲ್ಲ, ಪಾಪ! ಆದರೆ ಮನುಷ್ಯರ ತಲೆ ಕಂಡರೆ ಅವನ ಕತ್ತರಿ ಸುಮ್ಮನಿರುವುದಿಲ್ಲ.

ಎಲ್ಲಿ ಹೋರಾಟ ನಡೆದರೂ ಅದಕ್ಕೆ ಚಿತ್ರ ಮಾಡಿಕೊಡುವುದು ಅವನ ಹುಚ್ಚು. ಒಬ್ಬರ ತಲೆ, ಇನ್ನೊಬ್ಬರ ಮೈ ಕತ್ತರಿಸಿ ಅಂಟಿಸುತ್ತಾನೆ. ಅದನ್ನೇ ದೊಡ್ಡ ಫ್ಲೆಕ್ಸ್ ಮಾಡಿಸುತ್ತಾನೆ. ಕಂಪ್ಯೂಟರಿನಲ್ಲಿ ಮಾಡಬಾರದೇ ಎಂದರೆ, "ಅಕ್ಕಾ, ಕಂಪ್ಯೂಟರಿಗೆ ಸಿಟ್ಟು ಬರೂದಿಲ್ಲ" ಎನ್ನುತ್ತಾನೆ. ಕತ್ತರಿಗೆ ಬರುತ್ತದೆಯಂತೆ!

ನಮ್ಮೂರ ಕೆರೆ ಮುಚ್ಚಿ ಪ್ಲಾಟು ಹಾಕಲು ಹೊರಟಾಗ, ನೀರಲ್ಲಿ ಮಲಗಿದ ಎಮ್ಮೆಯ ಮೈಗೆ ಪುಢಾರಿಯೊಬ್ಬನ ತಲೆ ಅಂಟಿಸಿದ. ಪುಢಾರಿ ತುಟಿ ಬಿಚ್ಚಲಿಲ್ಲ. ಜಗಳಕ್ಕೆ ಬಂದವಳು ಎಮ್ಮೆಯ ಒಡತಿ ನೀಲವ್ವ!

"ಯಪ್ಪಾ, ಮರ್ಯಾದಿಲೆ ಇರೂ ಎಮ್ಮಿ ಅದು! ಅದಕ್ಕ ಇಂಥಾ ಮಾರಿ ಹಚ್ಚೀಯಲ್ಲೋ!"

ಮುಂದಿನ ಚಿತ್ರಕ್ಕೆ ಜನ ಸಾಲಲಿಲ್ಲ. ಮದುವೆ ಫೋಟೋಗಳಿಂದ ಕತ್ತರಿಸಿ ತಂದು ಕೆರೆಯ ಏರಿಯ ಮೇಲೆ ನಿಲ್ಲಿಸಿದ. ಬಾಸಿಂಗ ಕಟ್ಟಿಕೊಂಡು ಧರಣಿಗೆ ಬಂದ ಮದುಮಗನನ್ನು ನೀವೆಲ್ಲಾದರೂ ಕಂಡಿದ್ದೀರಾ?

ನಾನೂ ನಕ್ಕೆ. ಆ ನಗು ಉಳಿದದ್ದು ಅವನು ನಮ್ಮಲ್ಲಿ ಉಂಡು ಹೋಗುವವರೆಗೆ. ಹೋದ ಮೇಲೆ ನೋಡುತ್ತೇನೆ, ಗೋಡೆಯಲ್ಲಿ ಬರೀ ಮೊಳೆ!

ತೀರಿಹೋದ ನನ್ನ ಯಜಮಾನರದು, ಅಂದರೆ ನಿಮ್ಮ ಅಜ್ಜನದು, ಇದ್ದದ್ದೇ ಅದೊಂದು ಫೋಟೋ. ರಾಣೆಬೆನ್ನೂರಿನ ಸ್ಟುಡಿಯೋದಲ್ಲಿ ನನ್ನ ತಮ್ಮನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನನ್ನೂ ಕರೆದಿದ್ದರು, ನಾಚಿಕೊಂಡು ಹೊರಗೇ ಉಳಿದಿದ್ದೆ.

ಫೋನು ಮಾಡಿದೆ. "ಅವರ ಫೋಟೋಕ್ಕ ಕತ್ತರಿ ಹಾಕೀಯೇನೋ?"

"ಹಾಕೇನಿ, ಅಕ್ಕಾ. ನಾಳೆ ಹಾವೇರಿಗೆ ಬಾ, ಧರಣ್ಯಾಗ ತೋರಸ್ತೇನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಕತ್ತರಿ ಅವರ ಕುತ್ತಿಗೆಗೇ ಬಿದ್ದಿದ್ದರೆ? ಅಷ್ಟು ಗಂಭೀರ ಮುಖಕ್ಕೆ ಯಾರದಾದರೂ ಕೋಣದ ಮೈ ಸಿಕ್ಕಿದ್ದರೆ?

ಜಿಲ್ಲಾಧಿಕಾರಿ ಕಚೇರಿಯೆದುರು ಫ್ಲೆಕ್ಸ್ ಕಟ್ಟಿದ್ದರು. ಏರಿಯ ಮೇಲೆ ಜನ. ಮುಂದಿನ ಸಾಲಿನಲ್ಲಿ ಅವರು, ಅಡಿಯಿಂದ ಮುಡಿಯವರೆಗೆ ಇಡಿಯಾಗಿ! ಅವರ ಕೈ ಮಾತ್ರ ಬೇರೆಯವರ ಹೆಗಲ ಮೇಲಿತ್ತು. ಆಧಾರ್ ಕಾರ್ಡಿನ ಗಾಬರಿ ಮುಖ, ಯಾರದೋ ಮದುವೆಯ ಇಳಕಲ್ ಸೀರೆ. ಅದು ನಾನು!

"ನೀ ಎಲ್ಲಿ ಹೋದ್ಯೋ?"

"ನನ್ನ ಕತ್ತರಿಸಿ ತಗದೇನಿ. ನಿನ್ನ ಜಾಗಾ ಅದು. ನಾ ಸುಮ್ನ ನಿಂತಿದ್ದೆ."

ಸೆರಗು ಹೊದ್ದು ಧರಣಿಯ ಸಾಲಿನಲ್ಲಿ ಅವನ ಪಕ್ಕ ಕುಳಿತೆ.

ಆಮೇಲೆ ಫ್ಲೆಕ್ಸಿಗಾಗಿ ಅಂಟಿಸಿದ್ದ ಮೂಲ ಚಿತ್ರದಿಂದ ಅಜ್ಜನನ್ನೂ ನನ್ನನ್ನೂ ಜೊತೆಯಾಗಿ ಕತ್ತರಿಸಿ ಕೊಟ್ಟ. ಅದನ್ನು ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಹಾಳೆ ನೆನೆಯದ ಹಾಗೆ ಜೋಪಾನ ಮಾಡಿ, ಮಕ್ಕಳೇ. ಬರೀ ಮೈದಾ ಹಿಟ್ಟಿನ ಅಂಟು. ಬಿಟ್ಟುಕೊಂಡರೆ ನಾನು ಮತ್ತೆ ಹೊರಗೇ ಉಳಿಯುತ್ತೇನೆ.