ಸೂರಕ್ಕಿಯ ಎದುರು ಸ್ಟುಡಿಯೋ ಮಾವ

ಅಷ್ಟಕ್ಕೂ ಬಾಮೈದ ಕೆಟ್ಟ ಮಾತೇನೂ ಆಡಿರಲಿಲ್ಲ. ಬೆಳಿಗ್ಗೆ ಸ್ಟುಡಿಯೋದಲ್ಲಿ ಕಾಫಿ ಕುಡಿಯುತ್ತಾ, "ಭಾವ, ಕೂತವರ ಫೋಟೋ ನಿಮ್ಮಷ್ಟು ಚೆನ್ನಾಗಿ ಯಾರೂ ತೆಗೆಯೋಲ್ಲ. ಆದ್ರೆ ನನ್ನ ಮಗಳು ಒಂದು ಗಳಿಗೆ ಕೂತಲ್ಲಿ ಕೂರೋಳಲ್ಲ. ಮದುವೆ ಫೋಟೋ ಎದುರುಗಡೆ ಸ್ಟುಡಿಯೋದವರಿಗೆ ಕೊಟ್ಟುಬಿಡೋಣ ಅಂತಿದೀನಿ. ಬೇಜಾರು ಮಾಡ್ಕೋಬೇಡಿ" ಎಂದ, ಅಷ್ಟೇ.

ಊರವರೆಲ್ಲ ಸ್ಟುಡಿಯೋ ಮಾವ ಎನ್ನುವ ಭಾವ ಕಾಫಿ ಲೋಟ ಕೆಳಗಿಟ್ಟ. ಊರಿನ ಅರ್ಧಕ್ಕರ್ಧ ಜನರ ಗುರುತಿನ ಚೀಟಿಯಲ್ಲಿರುವುದು ಅವನು ತೆಗೆದ ಮುಖವೇ. ಗಲ್ಲ ಇಳಿಸಿ, ಎರಡೂ ಕಿವಿ ಕಾಣಲಿ, ಉಸಿರು ಹಿಡೀರಿ ಎಂದು ಹೇಳುತ್ತಲೇ ತಲೆಗೂದಲು ನರೆಸಿಕೊಂಡವನು. ಸ್ವಂತ ಹೆಂಡತಿಯ ತಮ್ಮನ ಮಗಳ ಮದುವೆಯಲ್ಲಿ ಯಾರೋ ಕ್ಯಾಮೆರಾ ಹಿಡಿದು ಓಡಾಡುವುದು, ತಾನು ಕೈಕಟ್ಟಿಕೊಂಡು ಕೂತು ನೋಡುವುದು ಎಂದರೆ ಮೂಗು ಕೊಯ್ದ ಹಾಗೆಯೇ ಸರಿ.

"ನಿನ್ನ ಮಗಳಿಗಿಂತ ಜೋರಾಗಿ ಅಲ್ಲಾಡೋದು ಯಾವುದಿದೆ ಹೇಳು. ತೆಗೆದು ತೋರಿಸ್ತೀನಿ" ಎಂದ.

ಬಾಮೈದ ಕಿಟಕಿಯಾಚೆ ಕಣ್ಣು ಹಾಯಿಸಿದ. ಪಕ್ಕದ ಔಷಧಿ ಅಂಗಡಿಯ ಕಾಂಪೌಂಡಿನ ದಾಸವಾಳದಲ್ಲಿ ಹೆಬ್ಬೆರಳಿನಷ್ಟು ಸೂರಕ್ಕಿಯೊಂದು ಹೂವಿನಿಂದ ಹೂವಿಗೆ ಜಿಗಿಯುತ್ತಿತ್ತು. ಬಿಸಿಲಲ್ಲಿ ನೇರಳೆ, ನೆರಳಲ್ಲಿ ಕಪ್ಪು. "ಅದನ್ನ ತೆಗೀರಿ. ಸಂಜೆ ಬಂದು ನೋಡ್ತೀನಿ. ಸರಿಬಂದ್ರೆ ಮದುವೆ ಕೆಲಸ ನಿಮ್ಮದೇ."

"ಹೋಗ್ತಾ ಎದುರಂಗಡಿಯವರಿಗೆ ಬೇಡ ಅಂತ ಹೇಳಿಯೇ ಹೋಗು" ಎಂದ ಮಾವ.

ಬಾಮೈದ ಹೋದ ಮೇಲೆ ದಾಸವಾಳದೆದುರು ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಬಿಗಿದು ಕಾದ. ಹಕ್ಕಿ ಬಂತು. "ಸ್ವಲ್ಪ ಈ ಕಡೆ ನೋಡಿ" ಎಂದು ಅಭ್ಯಾಸಬಲದಿಂದ ಹೇಳಿ ಬಟನ್ ಒತ್ತುವಷ್ಟರಲ್ಲಿ ಹಕ್ಕಿ ಇನ್ನೊಂದು ಹೂವಿನಲ್ಲಿತ್ತು. ಮೊದಲ ಫೋಟೋದಲ್ಲಿ ಬರೀ ದಾಸವಾಳ, ಎರಡನೆಯದರಲ್ಲಿ ದಾಸವಾಳ ಮತ್ತು ಒಂದು ಬಾಲ.

"ಏನ್ ಮಾವ, ಗಿಡಕ್ಕೆ ಪಾಸ್‌ಪೋರ್ಟಾ?" ಎನ್ನುತ್ತಾ ಔಷಧಿ ಅಂಗಡಿಯವನು ಬಂದ. ಹಕ್ಕಿಗೆ ಆಸೆ ತೋರಿಸಲೆಂದು ಗ್ಲೂಕೋಸ್ ಕಲಸಿ ಕ್ಯಾಮೆರಾ ಸ್ಟ್ಯಾಂಡಿನ ಪಕ್ಕ ಇಟ್ಟ. ಊರಿನ ಇರುವೆಗಳೆಲ್ಲ ಮೊದಲು ಗ್ಲೂಕೋಸಿಗೆ, ಆಮೇಲೆ ಮಾವನ ಪ್ಯಾಂಟಿಗೆ ಬಂದವು.

ಮಹಡಿಯಿಂದ ಟೈಲರಮ್ಮ ಇಣುಕಿದಳು. "ಆ ಬಿಳಿ ಅಂಗಿ ಕಂಡ್ರೆ ನನಗೇ ಹೆದರಿಕೆ ಆಗತ್ತೆ, ಹಕ್ಕಿಗೆ ಆಗ್ದೆ ಇರತ್ತಾ?" ಎಂದು ಹಸಿರು ಪರದೆ ಬಟ್ಟೆಯೊಂದನ್ನು ಮೇಲಿನಿಂದಲೇ ಮಾವನ ಮೇಲೆ ಹೊದಿಸಿದಳು. ಮಾತ್ರೆಗೆಂದು ಬಂದ ಅಜ್ಜಿಯೊಬ್ಬಳು ಪೊದೆಯೆಂದು ತಿಳಿದು ತನ್ನ ಕೊಡೆಯನ್ನು ಅದಕ್ಕೆ ಒರಗಿಸಿ ಒಳಗೆ ಹೋದಳು. ಮಾವ ಉಸಿರೆತ್ತಲಿಲ್ಲ. ಹಕ್ಕಿ ಹತ್ತಿರ ಬರುತ್ತಿತ್ತು.

ಬಂದದ್ದೇನೋ ಬಂತು, ನೆಟ್ಟಗೆ ಲೆನ್ಸಿಗೇ ಬಂತು. ಗಾಜಿನಲ್ಲಿ ತನ್ನ ಬಿಂಬ ಕಂಡು, ತನ್ನ ಗಿಡಕ್ಕೆ ಪಾಲುದಾರ ಹುಟ್ಟಿಕೊಂಡನೆಂದು ಕುಕ್ಕತೊಡಗಿತು. ಲೆನ್ಸು ಹೋದರೆ ಮದುವೆಯೂ ಹೋದಂತೆ. ಮಾವ ಪರದೆಯಿಂದ ನುಗ್ಗಿ ಬಂದು ಪಕ್ಕದಿಂದ ಕೈಬೀಸಿ ಹಕ್ಕಿಯನ್ನು ಓಡಿಸಿದ. ಅದೇ ಹೊತ್ತಿಗೆ ಹಿಂದಿನಿಂದ ಬಗ್ಗಿ ನೋಡುತ್ತಿದ್ದ ಔಷಧಿ ಅಂಗಡಿಯವನ ಮೊಣಕೈ ಬಟನ್ನಿಗೆ ತಗಲಿ ಪಟಪಟನೆ ಫೋಟೋಗಳು ಬಿದ್ದವು.

ಬೈಯಲು ಬಾಯಿ ತೆರೆದ ಮಾವನಿಗೆ ಆಗಲೇ ತಲೆ ಓಡಿತು. ಸ್ಟುಡಿಯೋದಿಂದ ಗಿರಾಕಿಗಳು ತಲೆ ಬಾಚಿಕೊಳ್ಳುವ ಕನ್ನಡಿ ತಂದು ಹೂವಿನ ಪಕ್ಕ ಕಟ್ಟಿದ. ಸೂರಕ್ಕಿ ಬಂತು, ಕನ್ನಡಿಯೆದುರು ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ಜಗಳಕ್ಕೆ ಸಜ್ಜಾಯಿತು. ಮಾವ ಒತ್ತಿದ. ಹರಡಿದ ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಎಣಿಸುವಂತೆ ಬಂದಿತ್ತು. ಮಾವನಿಗೆ ಹೊಟ್ಟೆ ತುಂಬಿದಂಥ ಸಂತೋಷವಾಯಿತು.

ಸಂಜೆ ಬಾಮೈದ ಬಂದು ಕ್ಯಾಮೆರಾ ಕೈಗೆತ್ತಿಕೊಂಡ. ಬಹಳ ಹೊತ್ತು ನೋಡಿದ. "ಚೆನ್ನಾಗಿದೆ ಭಾವ. ಆದ್ರೆ ಇದು ಅಲ್ಲಾಡ್ತಾನೇ ಇಲ್ವಲ್ಲ."

"ಕೈಚಳಕ ಇರೋದೇ ಅಲ್ಲಿ ಕಣಯ್ಯ. ಹಾರೋದನ್ನ ಹಾಗೇ ನಿಲ್ಲಿಸಿದೀನಿ."

"ನಾನು ಬೆಳಿಗ್ಗೆ ಹೇಳಿದ್ದೂ ಅದೇ ತಾನೇ? ಪಾಪ, ಹಕ್ಕಿನೂ ಹಿಡಿದು ಕೂರಿಸಿಬಿಟ್ಟಿದೀರಿ." ಅವನು ಹಿಂದಿನ ಫೋಟೋಗಳನ್ನು ತಿರುವುತ್ತಾ ಹೋಗಿ ಒಂದರ ಮುಂದೆ ನಿಂತ. ಅದರಲ್ಲಿ ಹಕ್ಕಿಯೂ ಇರಲಿಲ್ಲ, ಹೂವೂ ಇರಲಿಲ್ಲ. ಶಾಯಿ ಚೆಲ್ಲಿ ಒರೆಸಿದಂಥ ನೇರಳೆ ಗೀಟೊಂದಿತ್ತು. "ನೋಡಿ, ಹಾರೋದು ಅಂದ್ರೆ ಇದು. ಥೇಟ್ ನನ್ನ ಮಗಳೇ. ಇದನ್ನ ತೆಗೆದಿದ್ದು ಯಾರು?"

ನಾನೇ ಎಂದಿದ್ದರೆ ಮದುವೆ ಕೈಗೆ ಬರುತ್ತಿತ್ತು. ಮಾವನಿಗೂ ಅದು ಗೊತ್ತಿತ್ತು, ತುಟಿಯವರೆಗೂ ಬಂದಿತ್ತು. ಆದರೆ ಆ ಗೀಟಿಗೆ ತನ್ನ ಹೆಸರು ಹಾಕಿಕೊಳ್ಳಲು ನಾಲಿಗೆ ಏಳಲಿಲ್ಲ.

"ಅಂಥ ಹಾಳು ಫೋಟೋ ನಾನು ತೆಗೀತೀನಾ? ಅದು ಈ ಔಷಧಿ ಅಂಗಡಿಯವನ ಮೊಣಕೈ ತೆಗೆದಿದ್ದು."

ಬಾಮೈದ ಔಷಧಿ ಅಂಗಡಿಯವನ ಕೈ ಹಿಡಿದುಕೊಂಡ. "ಮದುವೆ ಫೋಟೋ ನಿಮ್ಮದೇ ಸ್ವಾಮಿ. ಪೂರ್ತಿ ಹೀಗೇ ಬರಬೇಕು."

"ಅಯ್ಯೋ, ನನ್ಹತ್ರ ಕ್ಯಾಮೆರಾನೇ ಇಲ್ವಲ್ಲ" ಎಂದ ಅವನು.

"ಭಾವಂದು ಇದೆ. ಮನೆ ಹುಡುಗಿ ಮದುವೆಗೆ ಇಲ್ಲ ಅಂತಾರಾ?" ಎನ್ನುತ್ತಾ ಬಾಮೈದ ಮಾವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟ. "ನೀವು ಪಕ್ಕದಲ್ಲಿ ನಿಂತು ಲೈಟ್ ಹಿಡ್ಕೊಳ್ಳಿ ಭಾವ. ಅಷ್ಟು ಹೊತ್ತು ಅಲ್ಲಾಡದೆ ನಿಲ್ಲೋದಕ್ಕೆ ನಿಮ್ಮನ್ನ ಬಿಟ್ರೆ ನಮಗೆ ಇನ್ಯಾರಿದ್ದಾರೆ?"