ನಮ್ಮ ಮೌಶಿ ಮತ್ತು ಯಾರಿಗೂ ಗೊತ್ತಿಲ್ಲದ ಸಂಗತಿಗಳು

ಜನ ಹಾವಿಗೆ ಅಂಜುತ್ತಾರೆ, ಕತ್ತಲೆಗೆ ಅಂಜುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನಿಗೆ ಅಂಜುತ್ತಾರೆ. ನಾನು ನಮ್ಮ ಮೌಶಿಗೆ ಅಂಜುತ್ತೇನೆ. ಮೌಶಿ ಎಂದರೆ ನಮ್ಮವ್ವನ ತಂಗಿ. ಬೈಯುವವಳಲ್ಲ, ಸಿಡುಕುವವಳಲ್ಲ, ಅಡುಗೆಯಲ್ಲಿ ಉಪ್ಪು ಕಡಿಮೆಯಾಯಿತೆಂದು ಮುಖ ಕಿವಿಚುವವಳೂ ಅಲ್ಲ. ಅವಳು ಮಾಡುವುದು ಇಷ್ಟೇ. ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳುತ್ತಾಳೆ. ನಾವೆಲ್ಲ ಬಾಯಿ ಬಿಟ್ಟು ನೋಡುವಾಗ, ಹೋಳಿಗೆ ಬಡಿಸುವವರ ಆನಂದದಲ್ಲಿ, "ಇದು ಇನ್ನೂ ಯಾರಿಗೂ ಗೊತ್ತಿಲ್ಲ" ಎನ್ನುತ್ತಾಳೆ. ಬಾಯಿಗೆ ಒಯ್ದ ತುತ್ತನ್ನು ನಾನು ತಾಟಿಗೇ ಮರಳಿಸುತ್ತೇನೆ!

ಮೌಶಿ ರೈಲ್ವೆಯ ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಅವ್ವ ತೀರಿಕೊಂಡ ಮೇಲೆ ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಮನೆಯ ಮೇಲಿನ ಖೋಲಿಗೆ ಬಂದಳು. ನಿವೃತ್ತರಾದವರು ಭಜನೆಗೆ ಹೋಗುತ್ತಾರೆ, ವಾಕಿಂಗಿಗೆ ಹೋಗುತ್ತಾರೆ, ಬೇರೆಯವರ ಸಂಸಾರದಲ್ಲಿ ಕೈ ಹಾಕುತ್ತಾರೆ. ಇವಳು ವಿಜ್ಞಾನದ ಬೆನ್ನು ಹತ್ತಿದಳು. ಅದೂ ಎಂಥ ವಿಜ್ಞಾನ ಅಂತೀರಿ? ಗೊತ್ತಿರುವ ವಿಜ್ಞಾನ ಅವಳಿಗೆ ಬೇಡ.

"ಗೊತ್ತಿದ್ದದ್ದರಾಗ ಏನ ಮಜಾ ಐತಿ? ಅದನ್ನ ಸಾಲಿ ಹುಡುಗರು ಬಾಯಿಪಾಠ ಮಾಡತಾರ. ಗೊತ್ತಿಲ್ಲದ್ದು ಏನೈತಿ ಹೇಳು."

ಒಂದು ದಿನ ಚಹಾ ಕುಡಿಯುತ್ತ ಹೇಳಿದಳು: ನಮಗೆ ಕಾಣುವ ಮಣ್ಣು, ನೀರು, ಸೂರ್ಯ, ಚುಕ್ಕಿ ಎಲ್ಲ ಕೂಡಿಸಿದರೂ ಜಗತ್ತಿನ ಸಣ್ಣದೊಂದು ಪಾಲು ಮಾತ್ರ, ಉಳಿದದ್ದು ಇದೆ, ಆದರೆ ಕಾಣುವುದಿಲ್ಲ, ಅದು ಏನೆಂದು ಯಾರಿಗೂ ಗೊತ್ತಿಲ್ಲ. ಅದನ್ನು ಹಿಡಿಯಲು ವಿಜ್ಞಾನಿಗಳು ನೆಲದೊಳಗೆ ಆಳದ ಗಣಿಗಳಲ್ಲಿ ಯಂತ್ರ ಇಟ್ಟುಕೊಂಡು ಕಾಯುತ್ತ ಕೂತಿದ್ದಾರಂತೆ. ಅವರು ಕಾಯಲಿ, ಅವರಿಗೆ ಸಂಬಳ ಬರುತ್ತದೆ. ನನಗೆ ಮಾತ್ರ ಅಂದಿನಿಂದ ಸಂಜೆ ಹೊತ್ತು ಮಾಳಿಗೆ ಹತ್ತುವುದು ಕಷ್ಟವಾಯಿತು. ಆ ಕಾಣದ ಪಾಲೆಲ್ಲ ಒಣ ಹಾಕಿದ ಸೀರೆಯ ಹಿಂದೆಯೇ ನಿಂತಂತೆ ಅನಿಸುತ್ತಿತ್ತು. "ನಿಮ್ಮ ಮೌಶಿಯವರು ಪ್ರಶ್ನಿ ಕೇಳೂದು, ಒಣಗಿದ ಅರಿವಿ ನಾ ತರೂದು" ಎಂದು ನನ್ನ ಹೆಂಡತಿ ಗೊಣಗುತ್ತ ಮೆಟ್ಟಿಲು ಹತ್ತುತ್ತಿದ್ದಳು.

ಬರೀ ಪ್ರಶ್ನೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಮೌಶಿಗೆ ಪ್ರಯೋಗವೂ ಬೇಕು. ಧಾರವಾಡದ ಕೆಲಗೇರಿ ಕೆರೆಗೆ ಹಕ್ಕಿ ನೋಡಲು ಹೋಗಿ ಬಂದವಳೇ, ದೂರದೂರಿಂದ ಬರುವ ಹಕ್ಕಿಗಳಿಗೆ ದಾರಿ ಹೇಗೆ ತಿಳಿಯುತ್ತದೆ ಎಂಬುದಕ್ಕೆ ಬಿದ್ದಳು. ಭೂಮಿಯ ಅಯಸ್ಕಾಂತದ ಸೆಳೆತ ಹಕ್ಕಿಗೆ ಗೊತ್ತಾಗುತ್ತದಂತೆ. ಆದರೆ ಹಕ್ಕಿಯ ಮೈಯಲ್ಲಿ ಆ ದಿಕ್ಸೂಚಿ ಎಲ್ಲಿದೆ? ಕಣ್ಣಿನಲ್ಲಿ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಹಿಂದೆ ಪಾರಿವಾಳದ ಮೇಲೆ ಸಣ್ಣ ಅಯಸ್ಕಾಂತ ಕಟ್ಟಿ ದೂರ ಬಿಟ್ಟು, ಮನೆ ದಾರಿ ತಪ್ಪುತ್ತದೆಯೇ ಎಂದು ನೋಡಿದ್ದರಂತೆ.

"ಪಾಪ, ಆ ಮೂಕ ಪ್ರಾಣಿಗೆ ಯಾಕ ತ್ರಾಸ ಕೊಡೂದು?" ಎಂದು ಮೌಶಿ ನನ್ನ ಕಡೆ ನೋಡಿದಳು.

ಹೀಗಾಗಿ ಒಂದು ರವಿವಾರ, ತಲೆ ಅರ್ಧ ಬೆಳ್ಳಗಾದ, ಎರಡು ಮಕ್ಕಳ ತಂದೆಯಾದ ನಾನು, ಟೊಪ್ಪಿಗೆಯೊಳಗೆ ಹಳೆಯ ಸ್ಪೀಕರಿನ ಅಯಸ್ಕಾಂತ ಇಟ್ಟುಕೊಂಡು, ಕಣ್ಣಿಗೆ ಟಾವೆಲ್ ಕಟ್ಟಿಸಿಕೊಂಡು ಆಟೋದಲ್ಲಿ ಮೌಶಿಯ ಪಕ್ಕ ಕೂತೆ. ಬೇಡ ಎನ್ನಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಬೇಡ ಎಂದರೆ ಯಾಕೆ ಬೇಡ ಎಂಬುದರ ಮೇಲೆ ಇನ್ನೊಂದು ಪ್ರಯೋಗ ಶುರುವಾಗುತ್ತದೆ. ಆಟೋ ಅಲ್ಲಿ ಇಲ್ಲಿ ಸುತ್ತಿತು. ಸ್ವಲ್ಪ ಹೊತ್ತಿಗೆ ಡ್ರೈವರ್ ದನಿ ತಗ್ಗಿಸಿ ಕೇಳಿದ.

"ಅಕ್ಕಾರ, ಇವರಿಗೆ ಏನ ಆಗೇತ್ರಿ?"

"ಏನೂ ಆಗಿಲ್ಲಪಾ. ಸದ್ಯ ಅವ ಪಾರಿವಾಳ ಅದಾನ."

ಆಮೇಲೆ ಡ್ರೈವರ್ ಬಹಳ ಕಕ್ಕುಲಾತಿಯಿಂದ, "ಧಾರವಾಡದಾಗ ತಲಿ ತ್ರಾಸಿಗೆ ದೊಡ್ಡ ದವಾಖಾನಿ ಐತ್ರಿ. ನಮ್ಮ ಓಣ್ಯಾಗ ಒಬ್ಬರಿಗೆ ಅಲ್ಲೇ ಛಲೋ ಆತು" ಎಂದ. ಟಾವೆಲಿನ ಕತ್ತಲೆಯಲ್ಲಿ ನಾನು ಆಟೋದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಇವನು ನಿಜವಾಗಿ ಅಲ್ಲಿಗೇ ಒಯ್ದರೆ ಅಲ್ಲಿಯ ಡಾಕ್ಟರಿಗೆ ನಾನು ಏನೆಂದು ತಿಳಿಸಿ ಹೇಳಲಿ?

ಕೊನೆಗೆ ಆಟೋ ನಿಂತಿತು. "ಮನಿ ಯಾವ ಕಡೆ ಐತಿ, ಬೊಟ್ಟ ಮಾಡು" ಎಂದಳು ಮೌಶಿ. ನಾನು ದೇವರ ಮೇಲೆ ಭಾರ ಹಾಕಿ ಎಡಕ್ಕೆ ತೋರಿಸಿದೆ. ಟಾವೆಲ್ ಬಿಚ್ಚಿದಾಗ ನೋಡಿದರೆ ನಮ್ಮ ಮನೆ ಬಲಕ್ಕೆ, ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಡ್ರೈವರ್ ಹೆದರಿ ನಮ್ಮನ್ನು ಹತ್ತಿಸಿಕೊಂಡಲ್ಲಿಗೇ ತಂದು ನಿಲ್ಲಿಸಿದ್ದ! ಮೌಶಿಗೆ ಸ್ವಲ್ಪವೂ ಬೇಸರವಾಗಲಿಲ್ಲ. "ಅಯಸ್ಕಾಂತದಿಂದ ಹಿಂಗಾತೋ, ನೀನು ಮೊದಲಿಂದನೂ ಹಿಂಗ ಅದಿಯೋ ಗೊತ್ತಾಗಲಿಲ್ಲ. ಬರೋ ರವಿವಾರ ಅಯಸ್ಕಾಂತ ಇಲ್ಲದ ಇನ್ನೊಮ್ಮೆ ನೋಡೋಣು" ಎಂದಳು.

ಆಮೇಲೆ ನಿದ್ದೆಯ ಸರದಿ. ಎಚ್ಚರ ಮುಗಿದು ನಿದ್ದೆ ಶುರುವಾಗುವ ಆ ಗಳಿಗೆಯಲ್ಲಿ ಏನಾಗುತ್ತದೆ? ಅದನ್ನು ನೋಡಲು ಸಂಶೋಧಕರು ಮಲಗುವವರ ಕೈಯಲ್ಲಿ ಏನಾದರೂ ವಸ್ತು ಕೊಡುತ್ತಾರಂತೆ. ನಿದ್ದೆ ಬಂದೊಡನೆ ಬೆರಳು ಸಡಿಲಾಗಿ ಅದು ಬೀಳುತ್ತದೆ, ಮಲಗಿದವರು ಏಳುತ್ತಾರೆ, ಏನು ಕಂಡಿರಿ ಎಂದು ಸಂಶೋಧಕರು ಕೇಳುತ್ತಾರೆ. ಎಣ್ಣೆಗಾಯಿ, ರೊಟ್ಟಿ ಹೊಡೆದು ಅಡ್ಡಾಗಿದ್ದ ನನ್ನ ಕೈಗೆ ಮೌಶಿ ಸ್ಟೀಲಿನ ಲೋಟ ಕೊಟ್ಟು ಪಕ್ಕದಲ್ಲೇ ಕೂತಳು. ಲೋಟ ಢಣ್ ಎಂದು ಬಿದ್ದಿತು. ನಾನು ಕಿರುಚಿಕೊಂಡು ಎದ್ದೆ.

"ಏನ ಕಂಡಿ?"

"ನಿನ್ನ ಕಂಡೆ ಮೌಶಿ. ಲೋಟ ಹಿಡಕೊಂಡು ಬೆನ್ನ ಹತ್ತಿದ್ದಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ದಿನಾ ರಾತ್ರಿ ಗೊತ್ತಿಲ್ಲದೆ ಒಂದು ಗಡಿ ದಾಟುತ್ತೇನಲ್ಲ, ಒಂದು ದಿನ ಈಚೆ ಬರಲು ದಾರಿ ಸಿಗದಿದ್ದರೆ? ಎಷ್ಟೋ ದಿನ ಮಂಚದ ಅಂಚು ಹಿಡಿದುಕೊಂಡೇ ಮಲಗಿದೆ.

"ನಿದ್ದಿ ಅಂದ್ರ ಇಷ್ಟ ಅಂಜತಿ, ಇನ್ನ ಅರಿವಳಿಕಿ ಕಥಿ ಕೇಳಿದ್ರ?" ಎಂದು ಮೌಶಿ ಅದನ್ನೂ ಹೇಳಿಯೇ ಬಿಟ್ಟಳು. ಆಪರೇಶನ್ನಿಗೆ ಮುಂಚೆ ಕೊಡುವ ಆ ಔಷಧ ಮನುಷ್ಯನ ಎಚ್ಚರವನ್ನು ಹೇಗೆ ಆರಿಸುತ್ತದೆ ಎಂಬುದು ಎಷ್ಟೋ ಗೊತ್ತಾಗಿದೆ, ಪೂರ್ತಿ ಗೊತ್ತಾಗಿಲ್ಲ. ತಲೆಗೆ ತಂತಿ ಅಂಟಿಸಿ, ಸಪ್ಪಳ ಕೇಳಿದಾಗಲೆಲ್ಲ ಗುಂಡಿ ಒತ್ತು ಎಂದು ಹೇಳಿ, ಒತ್ತುವ ಬೆರಳು ಯಾವಾಗ ನಿಲ್ಲುತ್ತದೆ ಎಂದು ನೋಡುತ್ತಾರಂತೆ. "ಬೆರಳ ನಿಂತಾಗ ಆ ಮನಷ್ಯಾ ಎಲ್ಲಿರತಾನ, ಹೇಳು ನೋಡೋಣು?" ಎಂದಳು. ಸತ್ತರೂ ಆಪರೇಶನ್ ಮಾಡಿಸಿಕೊಳ್ಳಬಾರದೆಂದು ನಾನು ಅಂದೇ ನಿರ್ಧರಿಸಿದೆ.

ಆದರೆ ಪಿತ್ತಕೋಶದಲ್ಲಿ ಕಲ್ಲಾದದ್ದು ಮೌಶಿಗೆ. ತಡ ಮಾಡಿದರೆ ಜೀವಕ್ಕೆ ಅಪಾಯ, ವಯಸ್ಸೂ ಆಗಿದೆ ಎಂದರು ಡಾಕ್ಟರು. ಅವ್ವನ ಕಡೆಯಿಂದ ನನಗೆ ಉಳಿದವಳು ಅವಳೊಬ್ಬಳೇ. ಊರಿನ ಆಸ್ಪತ್ರೆಗೇ ಸೇರಿಸಿದೆವು. ಹಿಂದಿನ ದಿನ ಅರಿವಳಿಕೆಯ ಡಾಕ್ಟರು ಬಂದಾಗ ಮೌಶಿ ಬಿಡುತ್ತಾಳೆಯೇ? "ನಿಮ್ಮ ಔಷಧ ಹೆಂಗ ಕೆಲಸ ಮಾಡತೈತ್ರಿ?" ಎಂದಳು.

ಅವರು ಸಂಭಾವಿತರು. "ಎಷ್ಟ ಕೊಡಬೇಕು, ಹೆಂಗ ಕಾಯಬೇಕು ಅನ್ನೂದು ಛಲೋ ಗೊತ್ತೈತ್ರಿ ಅಮ್ಮಾರ. ಎಚ್ಚರ ಹೆಂಗ ಹೋಗತೈತಿ ಅನ್ನೂದು ಪೂರಾ ಗೊತ್ತಿಲ್ಲರಿ" ಎಂದರು.

ನಾನು ಅವಳ ಮುಖ ನೋಡಿದೆ. ಇಂಥ ಉತ್ತರ ಕೇಳಿದರೆ ಕಣ್ಣು ಅರಳಬೇಕಿತ್ತು, ಮೇಲೆ ಎರಡು ಪ್ರಶ್ನೆ ಬರಬೇಕಿತ್ತು. ಅವಳು ಮತ್ತೇನೂ ಕೇಳಲಿಲ್ಲ. ಹೊದಿಕೆಯ ಅಂಚನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಕೂತಳು. ಅಷ್ಟು ವರ್ಷ ಅವಳ ಪ್ರಶ್ನೆಗಳಿಗೆ ಅಂಜಿದ ನನಗೆ ಅವಳು ಸುಮ್ಮನಾದದ್ದು ಎಲ್ಲಕ್ಕಿಂತ ಹೆಚ್ಚು ಅಂಜಿಕೆ ತಂದಿತು.

ಮರುದಿನ ಸ್ಟ್ರೆಚರಿನ ಮೇಲೆ ಒಯ್ಯುವಾಗ ನನ್ನ ಅಂಗಿ ಹಿಡಿದು ಎಳೆದಳು.

"ತಮ್ಮಾ, ಒಳಗ ಹೋದವರು ಹೊಳ್ಳಿ ಬರತಾರಲ್ಲ ಎಲ್ಲಾರೂ?"

ಎಲ್ಲಿಂದ ಬಂತೋ ಮಾತು.

"ಮೌಶಿ, ನಿನಗ ಹೇಳೂದ ಮರತಿದ್ದೆ. ಎಚ್ಚರ ಹೆಂಗ ಹೋಗತೈತಿ ಅನ್ನೂದು ಗೊತ್ತಾತಂತ. ಮೊನ್ನೆ ಕಂಡ ಹಿಡದಾರ."

"ಪೂರಾ ಗೊತ್ತಾತೇನು?"

"ಪೂರಾ. ಅಂಜೂದ ಏನೂ ಇಲ್ಲಂತ."

ಕಂಡು ಹಿಡಿದವರು ಯಾರು, ಯಾವ ದೇಶ, ಎಷ್ಟು ಜನರ ಮೇಲೆ ನೋಡಿದ್ದಾರೆ, ಬೇರೆಯವರು ಮಾಡಿದರೂ ಹಾಗೇ ಬಂತೇ, ಇದೊಂದನ್ನೂ ಅವಳು ಕೇಳಲಿಲ್ಲ. "ಛಲೋ ಆತು ಬಿಡು" ಎಂದು ಕಣ್ಣು ಮುಚ್ಚಿದಳು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕೂತು ನಾನು ಅತ್ತೆ. ಹೆಂಡತಿ ಚಹಾ ತಂದು ಕೊಟ್ಟಳು, ಕುಡಿಯಲಾಗಲಿಲ್ಲ.

ಮಧ್ಯಾಹ್ನ ಒಳಗೆ ಬಿಟ್ಟರು. ಆಪರೇಶನ್ ಸರಿಯಾಗಿ ಆಗಿತ್ತು. ಮೌಶಿ ಅರೆಗಣ್ಣು ತೆರೆದು ಏನೋ ಅಂದಳು. ಬಗ್ಗಿ ಕಿವಿ ಕೊಟ್ಟೆ.

"ಸುಳ್ಳ ಹೇಳಿದಿ ಹೌದಲ್ಲ?"

"ಹೌದು ಮೌಶಿ."

"ಆವಾಗನ ಗೊತ್ತಾಗಿತ್ತು."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಖರೇ ಹೇಳತಿದ್ದಿ. ನನಗ ಭಾಳ ಅಂಜಿಕಿ ಆಗಿತ್ತಪಾ." ಅವಳ ಕಣ್ಣ ಕೊನೆಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಒರೆಸಲು ಕೈ ಚಾಚಿದೆ. ಆ ಕೈಯನ್ನು ಅವಳು ಸೂಜಿ ಚುಚ್ಚಿದ್ದ ತನ್ನ ಕೈಯಿಂದಲೇ ಹಿಡಿದುಕೊಂಡಳು.

"ಇನ್ನೂ ಅಂಜಾಕತ್ತಿಯಲ್ಲೋ" ಎಂದಳು. "ನಾ ಹೊಳ್ಳಿ ಬಂದೇನಲ್ಲ. ಕುಂದ್ರು."