ನಾನು ಬಿಚ್ಚಿದ ಸೈಕಲ್ ಮೀಟರು

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ಬಿಚ್ಚುವ ಚಟ. ಸ್ಕ್ರೂ ಇರುವ ಯಾವ ವಸ್ತುವನ್ನೂ ಅದರ ಪಾಡಿಗೆ ಬಿಡಲು ನನ್ನಿಂದಾಗದು. ಬಿಚ್ಚುವವರೆಗೆ ನಾನು ಪಂಡಿತ. ಮರಳಿ ಜೋಡಿಸುವಾಗ ಮಾತ್ರ ಒಂದೆರಡು ಸ್ಕ್ರೂ ಉಳಿದೇ ಉಳಿಯುತ್ತವೆ. ವಿಜ್ಞಾನದ ಮೇಷ್ಟ್ರಾದ್ದರಿಂದ ಜನ ಇದನ್ನು ಕುತೂಹಲ ಎನ್ನುತ್ತಿದ್ದರು. ಹೆಂಡತಿ ನೀಲಮ್ಮ ಬೇರೆ ಹೆಸರಿಟ್ಟಿದ್ದಳು. ಅದನ್ನು ಇಲ್ಲಿ ಬರೆಯಲಾರೆ.

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಕುರುಗೋಡಿನ ಹೈಸ್ಕೂಲಿನಲ್ಲಿದ್ದೆ. ದುಬೈಯಲ್ಲಿದ್ದ ಭಾಮೈದ ವೀರೇಶ ರಜೆಗೆ ಬಂದವನು ನನ್ನ ಸೈಕಲ್ಲಿಗೆ ವೇಗ ತೋರಿಸುವ ಮೀಟರು ತಂದುಕೊಟ್ಟ. ಮುಂದಿನ ಚಕ್ರದ ಕಡ್ಡಿಗೆ ಒಂದು ಪುಟ್ಟ ಅಯಸ್ಕಾಂತ, ಅದರ ಪಕ್ಕಕ್ಕೆ ಫೋರ್ಕಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಕರಿ ಡಬ್ಬಿ, ಅಲ್ಲಿಂದ ಹ್ಯಾಂಡಲ್ಲಿನ ಮೀಟರಿಗೆ ಒಂದು ವೈರು. ಪೆಡಲ್ ತುಳಿದರೆ ಅಂಕಿ ಮೂಡುತ್ತಿತ್ತು. ಓಣಿಯ ಹಿರಿಯರೆಲ್ಲ ಬಂದು ನೋಡಿ ಹೋದರು. ಬಂದವರಿಗೆಲ್ಲ ನೀಲಮ್ಮ, "ನಮ್ಮ ತಮ್ಮ ತಂದಿದ್ದರಿ" ಎಂದು ಚಹಾ ಕೊಟ್ಟಳು.

ಹದಿನೈದು ದಿನ ತಡೆದುಕೊಂಡೆ. ಆಮೇಲೆ ಒಂಬತ್ತನೇ ತರಗತಿಗೆ ಅಯಸ್ಕಾಂತದ ಪಾಠ ಬಂತು. ಮಕ್ಕಳಿಗೆ ತೋರಿಸುವುದು ನನ್ನ ಧರ್ಮವಲ್ಲವೆ? ಆ ಡಬ್ಬಿಗೆ ಸ್ಕ್ರೂ ಇರಲಿಲ್ಲ. ಚಾಕು ಹಾಕಿ ಮೀಟಿದೆ. ಒಳಗೆ ಟಿಕ್ ಎಂದಿತು. ಎರಡು ಅಕ್ಕಿಕಾಳಿನಷ್ಟು ಉದ್ದದ ಗಾಜಿನ ನಳಿಗೆಯೊಂದು ಬಿರುಕು ಬಿಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಡಬ್ಬಿಗೆ ಗೋಂದು ಹಚ್ಚಿ ಮುಚ್ಚಿದೆ. ಅಂದಿನಿಂದ ಎಷ್ಟು ತುಳಿದರೂ ಮೀಟರು ಸೊನ್ನೆಯೇ ತೋರಿಸಿತು.

"ಮಳಿ ನೀರು ಹೋಗಿರಬೇಕು," ಎಂದೆ ನೀಲಮ್ಮನಿಗೆ.

"ಮಾರ್ಚ್‌ನಾಗ ಮಳಿ ಎಲ್ಲಿ ಬಂತ್ರಿ?"

"ಹಂಗಾದ್ರ ಬಿಸಿಲಿಗೆ."

ಬಳ್ಳಾರಿ ಸೀಮೆಯ ಬಿಸಿಲಿನ ಮೇಲೆ ಯಾವ ತಪ್ಪನ್ನಾದರೂ ಹೊರಿಸಬಹುದು. ಅವಳು ನಂಬಿದಳು. ಆದರೆ ಭಾನುವಾರ ವೀರೇಶ ದುಬೈಗೆ ಹೊರಡುವ ಮುಂಚೆ ಅಕ್ಕನನ್ನು ಕಾಣಲು ಬರುವವನಿದ್ದ. "ಕೆಟ್ಟಿದ್ದು ನೋಡಿದ್ರ ಅವ ಏನಂದುಕೊಂತಾನ? ನಡೀರಿ ಬಳ್ಳಾರಿಗೆ," ಎಂದಳು. ಶನಿವಾರ ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ ಇಬ್ಬರೂ ಹೊರಟೆವು.

ಬ್ರೂಸ್‌ಪೇಟೆಯ ಸಂದಿಯೊಂದರಲ್ಲಿ ರೇಡಿಯೋ ರಿಪೇರಿ ಅಂಗಡಿ ಸಿಕ್ಕಿತು. ಒಳಗೆ ಹೆಣ್ಣುಮಗಳೊಬ್ಬಳು ಬೆಸುಗೆ ಹಾಕುತ್ತ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ನಿಂತಳು. "ಸರ, ನಾನ್ರಿ, ಶಂಷಾದ್. ಸಿರುಗುಪ್ಪದಾಗ ನಿಮ್ಮ ಕ್ಲಾಸಿನಾಗಿದ್ದೆ."

ನೆನಪಾಯಿತು. ದಿನಕ್ಕೆ ಹತ್ತು ಪ್ರಶ್ನೆ ಕೇಳುತ್ತಿದ್ದ ಹುಡುಗಿ. ಹತ್ತಕ್ಕೂ ನಾನು ಕೊಡುತ್ತಿದ್ದ ಉತ್ತರ ಒಂದೇ: "ಕೂತ್ಕೋ." ಈಗ ತಂದೆಯ ಅಂಗಡಿ ಅವಳದಾಗಿತ್ತು. ಸ್ಟೂಲು ತೋರಿಸಿ, "ಕೂಡ್ರಿ ಸರ," ಎಂದಳು. ಕೂತುಕೊಂಡೆ.

ಶಂಷಾದ್ ಕರಿ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಬಿಸಿಲಿಗೆ ಕೆಟ್ಟೈತವ್ವ," ಎಂದಳು ನೀಲಮ್ಮ.

"ಬಿಸಿಲಲ್ರಿ ಅಮ್ಮಾರ. ಯಾರೋ ಚಾಕು ಹಾಕಿ ಕಿತ್ತಾರ. ಮ್ಯಾಲ ಗೋಂದು ಬ್ಯಾರೆ ಹಚ್ಯಾರ. ಇಂಥಾ ದಡ್ಡ ಕೆಲಸ ಯಾರು ಮಾಡಿದ್ರು, ಸರ?"

ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನಾನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ನೀಲಮ್ಮ ನನ್ನನ್ನೇ ನೋಡುತ್ತಿದ್ದಳು.

"ನಾನಽ ಮಾಡಿದ್ದು," ಎಂದೆ ಕೊನೆಗೆ. "ಮಕ್ಕಳಿಗೆ ತೋರಿಸಾಕ."

ಶಂಷಾದ್ ಸೆರಗಿನಲ್ಲಿ ನಗು ಒರೆಸಿಕೊಂಡು, ನನಗೆ ಮುಜುಗರವಾಗಬಾರದೆಂದೋ ಏನೋ ಪಾಠ ಶುರುಮಾಡಿದಳು. ನಳಿಗೆಯೊಳಗೆ ಎರಡು ತೆಳ್ಳನೆಯ ಪಟ್ಟಿಗಳಿರುತ್ತವೆ. ಅಯಸ್ಕಾಂತ ಹತ್ತಿರ ಬಂದಾಗ ಕೂಡುತ್ತವೆ, ದೂರ ಹೋದಾಗ ಅಗಲುತ್ತವೆ. ಕೂಡಿದ್ದನ್ನು ಎಣಿಸಿ ಮೀಟರು ವೇಗ ಹೇಳುತ್ತದೆ. ಇಷ್ಟು ಸರಳವಾಗಿ ನಾನು ಏನನ್ನೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹಾಳಾದ ಟೇಪ್ ರೆಕಾರ್ಡರೊಂದರ ಹೊಟ್ಟೆಯಿಂದ ಅಂಥದೇ ನಳಿಗೆ ತೆಗೆದು ಬೆಸುಗೆ ಹಾಕಿದಳು. ಸೈಕಲ್ಲನ್ನು ಸಂದಿಯಲ್ಲಿ ತಲೆಕೆಳಗು ನಿಲ್ಲಿಸಿ ಚಕ್ರ ತಿರುಗಿಸಿದಾಗ ಮೀಟರು ಇಪ್ಪತ್ತೆರಡು ತೋರಿಸಿತು. "ನಿಂತ ಸೈಕಲ್ಲು ಓಡಾಕತ್ತೈತಿ ನೋಡ್ರಲೇ!" ಎಂದು ಎದುರಿನ ಬೇಳೆ ಅಂಗಡಿಯವನು ಕೂಗಿದ. ಜನ ಸೇರಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ವಾಪಸು ಬಸ್ಸಿನಲ್ಲಿ ಊರಿಗೆ ಬಂದೆವು. ಇಳಿದ ಮೇಲೆ ನೀಲಮ್ಮ, "ತಮ್ಮನ ಮುಂದ ಬಾಯಿ ಬಿಡಬ್ಯಾಡ್ರಿ," ಎಂದಳಷ್ಟೆ.

ಭಾನುವಾರ ವೀರೇಶ ಬಂದು ಒಂದು ಸುತ್ತು ಸೈಕಲ್ ಹೊಡೆದ. "ಭಾಳ ಜೋಪಾನ ಇಟ್ಟೀರಿ ಭಾವಾರ! ಮುಂದಿನ ಸಲ ನಿಮಗ ಏನು ತರಲಿ?" ನಾನು ಬಾಯಿ ತೆರೆಯುವ ಮೊದಲೇ ನೀಲಮ್ಮ, "ಅವರಿಗೇನೂ ಬ್ಯಾಡ. ಬ್ರೂಸ್‌ಪೇಟೆಯಾಗ ಶಂಷಾದ್ ಅಂತ ಅದಾಳ. ಆಕಿಗೊಂದು ಚಲೋ ಸ್ಕ್ರೂಡ್ರೈವರ್ ಸೆಟ್ಟು ತಾ," ಎಂದಳು.

ಮರುವರ್ಷ ಅವನು ತಂದ. ಬಳ್ಳಾರಿಗೆ ಒಯ್ದು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನೀಲಮ್ಮ ಪೆಟ್ಟಿಗೆಗೆ ಹುರಿ ಸುತ್ತಿ ಸುತ್ತಿ ಒಂದು ಗಂಟು ಹಾಕಿ ಕಳಿಸಿದಳು. ಅದು ಬಿಚ್ಚುವ ಗಂಟಲ್ಲ ಎಂಬುದು ಬಸ್ಸು ಕೋಳೂರು ದಾಟುವಷ್ಟರಲ್ಲೇ ನನಗೆ ಖಾತ್ರಿಯಾಗಿತ್ತು.